ಅಂಕೋಲೆಯಿಂದ ಥಾರ್ ಮರಳಿಗೆ: ಹೆದ್ದಾರಿ 52 ಹಿಡಿದು ಕಾರಿನಲ್ಲಿ ಹೋಗುವ ಬಗೆ

ಅಂಕೋಲೆಯ ಬಾಳೆಗುಳಿ ಕ್ರಾಸಿನಲ್ಲಿ ಹುಬ್ಬಳ್ಳಿ ಕಡೆ ತಿರುಗುವ ರಸ್ತೆಯನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಆಸ್ಪತ್ರೆಗೆ, ಮದುವೆ ಜವಳಿಗೆ, ಕೋರ್ಟು ಕೆಲಸಕ್ಕೆ ಅಂತ ನೂರಾರು ಸಲ ಹಿಡಿದಿರುತ್ತಾರೆ. ಅದು ರಾಷ್ಟ್ರೀಯ ಹೆದ್ದಾರಿ 52. ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ ದಾಟಿದ ಮೇಲೂ ಅದು ನಿಲ್ಲುವುದಿಲ್ಲ. ವಿಜಯಪುರ, ಸೊಲ್ಲಾಪುರ, ಛತ್ರಪತಿ ಸಂಭಾಜಿನಗರ, ಧುಳೆ, ಇಂದೋರ್, ಕೋಟಾ, ಬೂಂದಿ, ಜೈಪುರ, ಸೀಕರ್, ಚೂರೂ ಎಂದು ಸಾಗಿ ಪಂಜಾಬಿನ ಸಂಗ್ರೂರ್ ಮುಟ್ಟುವಾಗ 2,300 ಕಿ.ಮೀ. ಮೀರಿರುತ್ತದೆ. ಸಹ್ಯಾದ್ರಿ, ಸಾತ್ಪುಡಾ, ವಿಂಧ್ಯ, ಅರಾವಳಿ ಈ ನಾಲ್ಕೂ ಬೆಟ್ಟಸಾಲುಗಳು ಇದೇ ರಸ್ತೆಯಲ್ಲಿ ಸಿಗುತ್ತವೆ. ಚೂರೂ ಸೀಮೆಗೆ ಬಂದರೆ ಮರಳು ಶುರು.

ರಾಜಸ್ಥಾನ ನೋಡಬೇಕೆಂದರೆ ವಿಮಾನದಲ್ಲಿ ಹೋಗಿ ಇಳಿಯಬಹುದು. ಆದರೆ ಬಾದಾಮಿಯ ಕಲ್ಲು, ಎಲ್ಲೋರಾದ ಕಲ್ಲು, ಬೂಂದಿಯ ಕಲ್ಲನ್ನು ಒಂದಾದ ಮೇಲೊಂದು ನೋಡುತ್ತಾ ಹೋದವರಿಗೆ ಸಿಗುವ ತಿಳಿವಳಿಕೆ ಹಾಗೆ ಸಿಗುವುದಿಲ್ಲ. ಆದ್ದರಿಂದ ಈ ಲೇಖನ ರಸ್ತೆಯನ್ನೇ ಹಿಡಿದು ಹೋಗುವವರಿಗೆ.

ಎಷ್ಟು ದಿನ, ಯಾವಾಗ

ಜೈಸಲ್ಮೇರ್ ಮುಟ್ಟಿ ವಾಪಸ್ ಬರಲು 20ರಿಂದ 21 ದಿನ ಬೇಕು. ಅಂಕೋಲೆಯಿಂದ ಜೈಸಲ್ಮೇರಿಗೆ ಹೋಗುವ ದಾರಿಯೇ ಸುಮಾರು 2,400 ಕಿ.ಮೀ. ಬರುವಾಗ 2,000. ಅಲ್ಲಲ್ಲಿ ಓಡಾಟ ಸೇರಿದರೆ 5,000ಕ್ಕೆ ಹತ್ತಿರ. 12 ದಿನ ಮಾತ್ರ ರಜೆ ಇದ್ದರೆ ರಾಜಸ್ಥಾನದ ಬೂಂದಿಯಿಂದಲೇ ತಿರುಗಿ, ಮರುಭೂಮಿಯನ್ನು ಇನ್ನೊಂದು ವರ್ಷಕ್ಕಿಡಿ. 12 ದಿನದಲ್ಲಿ ಮರಳನ್ನೂ ಮುಟ್ಟಿ ಬರುತ್ತೇವೆಂದು ಹೊರಟವರು ದಿನಕ್ಕೆ 500 ಕಿ.ಮೀ. ಓಡಿಸಿ, ಟೋಲ್ ಗೇಟು ಬಿಟ್ಟು ಬೇರೇನೂ ನೋಡದೆ ಬರುತ್ತಾರೆ.

ದೀಪಾವಳಿ ಕಳೆದು ಫೆಬ್ರವರಿ ಮುಗಿಯುವವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಅರಬೈಲ್ ಘಟ್ಟದಲ್ಲೇ ಗುಡ್ಡ ಜಾರುವ ಭಯ. ಬೇಸಿಗೆಯಲ್ಲಿ ಚೂರೂ ಸುಡುತ್ತದೆ. 2019ರ ಜೂನಿನಲ್ಲಿ ಅಲ್ಲಿ ತಾಪಮಾನ 50 ಡಿಗ್ರಿ ದಾಟಿತ್ತು. ಅದೇ ಸೀಮೆಯ ಫತೇಪುರದಲ್ಲಿ ಚಳಿಗಾಲದ ಕೆಲವು ಬೆಳಗು ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಶಿರಸಿಯ ಚಳಿ ಗೊತ್ತು ಅನ್ನುವವರೂ ದಪ್ಪ ಸ್ವೆಟರ್, ಕಿವಿಟೋಪಿ, ಕಾಲುಚೀಲ ಒಯ್ಯಲೇಬೇಕು. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಜೈಪುರದಿಂದಾಚೆ ಬೀಳುವ ಮಂಜು ನಮ್ಮ ಘಟ್ಟದ ಮಂಜಿನಂತೆ ತಿರುವು ದಾಟಿದರೆ ತೆರೆಯುವಂಥದ್ದಲ್ಲ. ಬಯಲಿಡೀ ಗೋಡೆಯ ಹಾಗೆ ನಿಂತುಬಿಡುತ್ತದೆ. ಆ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ಮೊದಲು ಗಾಡಿ ತೆಗೆಯಬೇಡಿ.

ಕಾರು ತಯಾರಿ: ಬ್ರೇಕಿನಿಂದ ಶುರು

ಕರಾವಳಿ, ಮಲೆನಾಡಿನ ಕಾರುಗಳಿಗೆ ಒಂದು ವಿಶೇಷ ತೊಂದರೆ ಇದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್-4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಶೇ. 3.7ರಷ್ಟು ನೀರು ಸೇರಿತೆಂದರೆ ಆ ಮಟ್ಟ 155 ಡಿಗ್ರಿಗೆ ಇಳಿಯಬಹುದು. ನಾಲ್ಕು ತಿಂಗಳು ಎಡೆಬಿಡದೆ ಮಳೆ ಸುರಿಯುವ ನಮ್ಮ ಕಡೆ ಈ ನೀರು ಬೇಗ ಸೇರುತ್ತದೆ. ದಿನವೂ ಕುಮಟೆ–ಹೊನ್ನಾವರ ಓಡಾಡುವಾಗ ಗೊತ್ತೇ ಆಗುವುದಿಲ್ಲ. ಉದ್ದದ ಘಟ್ಟದಲ್ಲಿ ತುಂಬಿದ ಗಾಡಿ ಇಳಿಸುವಾಗ ಆಯಿಲ್ ಕುದಿದು ಒಳಗೆ ಆವಿ ತುಂಬುತ್ತದೆ, ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ. ಎರಡು ವರ್ಷದಿಂದ ಬದಲಿಸಿಲ್ಲ ಅಂದರೆ ಹೊರಡುವ ಮೊದಲು ಪೂರ್ತಿ ತೆಗೆಸಿ ಹೊಸದು ಹಾಕಿಸಿ. ಮೇಲಿಂದ ತುಂಬಿಸುವುದರಿಂದ ಪ್ರಯೋಜನವಿಲ್ಲ. ಪ್ಯಾಡುಗಳನ್ನೂ ಅದೇ ದಿನ ಬಿಚ್ಚಿಸಿ ನೋಡಿ.

ರೇಡಿಯೇಟರಿಗೆ ಬಾವಿ ನೀರು ಹಾಕುವ ರೂಢಿ ಈ ಪ್ರಯಾಣಕ್ಕೆ ಒಗ್ಗುವುದಿಲ್ಲ. ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಸಮಪಾಲು ಇರಲಿ. ಅದು ಕುದಿಯುವುದನ್ನೂ ತಡೆಯುತ್ತದೆ, ಫತೇಪುರದ ಬೆಳಗಿನಲ್ಲಿ ಹೆಪ್ಪುಗಟ್ಟುವುದನ್ನೂ ತಡೆಯುತ್ತದೆ. ಟೈರಿನ ಹಲ್ಲು ಕಾನೂನಿನ ಪ್ರಕಾರ 1.6 ಮಿ.ಮೀ. ಸಾಕು. ಇಷ್ಟು ದೂರಕ್ಕೆ 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಹೊಸದು ಹಾಕಿಸಿ. ಸ್ಟೆಪ್ನಿಗೆ ಗಾಳಿ ಇದೆಯೇ ಎಂದು ನೋಡಲು ಬಹಳ ಜನ ಮರೆಯುತ್ತಾರೆ.

ವಿಂಡ್‌ಶೀಲ್ಡ್ ಕೆಳಗಿನ ಜಾಲರಿಯಲ್ಲಿ ನಮ್ಮ ಕಡೆಯ ಕಾರುಗಳಿಗೆ ಹಲಸು, ಮಾವಿನ ಎಲೆ ತುಂಬಿಕೊಂಡಿರುತ್ತದೆ. ಅದನ್ನು ತೆಗೆದು ಎಸಿ ಫಿಲ್ಟರ್ ಬದಲಿಸಿ. ಎಂಜಿನ್ನಿನ ಏರ್ ಫಿಲ್ಟರ್ ಹೊಸದೊಂದು ಡಿಕ್ಕಿಯಲ್ಲಿರಲಿ, ಮರಳುಸೀಮೆ ದಾಟಿ ಬಂದ ಮೇಲೆ ಜೋಧಪುರದಲ್ಲಿ ಹಾಕಿಸಿದರೆ ಸರಿ. ಜೊತೆಗೆ 12 ವೋಲ್ಟಿನ ಗಾಳಿ ಪಂಪು, ಗಾಳಿ ಅಳೆಯುವ ಮೀಟರು, ಎಳೆಯುವ ಪಟ್ಟಿ, ಒಂದು ಸಣ್ಣ ಸಲಿಕೆ, ಜಂಪರ್ ಕೇಬಲ್ಲು.

ಆರ್‌ಸಿ, ವಿಮೆ, ಲೈಸೆನ್ಸ್, ಪಿಯುಸಿ (ಹೊಗೆ ತಪಾಸಣೆ ಚೀಟಿ) ಡಿಜಿಲಾಕರಿನಲ್ಲಿ ಇರಲಿ, ಒಂದು ಜೆರಾಕ್ಸ್ ಪ್ರತಿಯೂ ಇರಲಿ. ಪಿಯುಸಿಯ ಅವಧಿ ಮುಗಿದಿರುವುದು ರಾಜ್ಯ ದಾಟಿದ ಮೇಲೆ ದಂಡ ಕಟ್ಟುವಾಗ ನೆನಪಾಗುತ್ತದೆ. ಚಾಲಕನಿರುವ ಬಾಡಿಗೆ ಗಾಡಿಯಾದರೆ ಹಳದಿ ಬೋರ್ಡು ಮತ್ತು ಅಖಿಲ ಭಾರತ ಪ್ರವಾಸಿ ಪರ್ಮಿಟ್ ಕಡ್ಡಾಯ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಒಯ್ದು ಅಪಘಾತವಾದರೆ ವಿಮೆ ಕೈಬಿಡುತ್ತದೆ. ಸ್ವಂತ ಕಾರಿಗೆ 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸು ಬಂದಿದೆ. ಶುರುವಾದಾಗ ಅದರ ಬೆಲೆ 3,000 ರೂಪಾಯಿ ಇತ್ತು; ಒಂದು ವರ್ಷ ಅಥವಾ 200 ಟೋಲು, ಯಾವುದು ಮೊದಲೋ ಅದು. ರಾಷ್ಟ್ರೀಯ ಹೆದ್ದಾರಿ ಬಹುಪಾಲು ಇರುವ ಈ ದಾರಿಗೆ ಅದು ಲಾಭವೇ. ಪುಣೆ–ಮುಂಬೈ ಎಕ್ಸ್‌ಪ್ರೆಸ್‌ವೇಯಂಥ ರಾಜ್ಯದ ರಸ್ತೆಗಳಲ್ಲಿ ಅದು ನಡೆಯುವುದಿಲ್ಲವಾದ್ದರಿಂದ ಫಾಸ್ಟ್ಯಾಗಿನಲ್ಲಿ ಬೇರೆ ದುಡ್ಡೂ ಇರಬೇಕು.

ಇಂಧನದ ಲೆಕ್ಕ ಹೀಗೆ: ಲೀಟರಿಗೆ 15 ಕಿ.ಮೀ. ಕೊಡುವ ಗಾಡಿಗೆ 5,000 ಕಿ.ಮೀ.ಗೆ 335 ಲೀಟರ್. ನಿಮ್ಮೂರ ಪಂಪಿನ ದರದಿಂದ ಗುಣಿಸಿ, ಘಟ್ಟ ಮತ್ತು ಎಸಿಗೆಂದು ಹತ್ತನೇ ಒಂದು ಪಾಲು ಸೇರಿಸಿ.

ಬಾದಾಮಿ ಬಿಟ್ಟು ಎಲ್ಲೋರಾಕ್ಕೆ ಹೋಗಬೇಡಿ

ಘಟ್ಟದ ಕೆಳಗಿನವರು ಬಾಳೆಗುಳಿಯಿಂದ, ಶಿರಸಿ–ಸಿದ್ದಾಪುರದವರು ಯಲ್ಲಾಪುರದಲ್ಲಿ ಸೇರಿಕೊಳ್ಳಿ. ಶಿರಸಿಯವರಿಗೆ ಸಾಧ್ಯವಾದರೆ ಹಿಂದಿನ ದಿನ 23 ಕಿ.ಮೀ. ದೂರದ ಬನವಾಸಿಗೆ ಒಮ್ಮೆ ಹೋಗಿ ಬರಲಿ. ಅದಕ್ಕೆ ಕಾರಣವಿದೆ. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ಕವಿ ರವಿಕೀರ್ತಿ, ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿ ವರದೆಯ ದಡದ ಬನವಾಸಿಯನ್ನು ಮುತ್ತಿದ್ದನ್ನೂ ಹೇಳುತ್ತಾನೆ, ಉತ್ತರದ ಹರ್ಷನನ್ನು ಸೋಲಿಸಿದ್ದನ್ನೂ ಹೇಳುತ್ತಾನೆ. ಈ ಹೆದ್ದಾರಿ ಹಿಡಿದು ಐದನೇ ದಿನ ನೀವು ನರ್ಮದೆ ದಾಟುತ್ತೀರಿ. ಅಲ್ಲಿಯವರೆಗಿನದು ನಮ್ಮ ಶಾಸನಗಳಿಗೆ ಪರಿಚಯವಿದ್ದ ನೆಲ.

ಮೊದಲ ದಿನ ಹುಬ್ಬಳ್ಳಿ (135 ಕಿ.ಮೀ.), ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ದಾಟಿ ಬಾದಾಮಿ. ಅಲ್ಲಿನ ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶನ ಕ್ರಿ.ಶ. 578ರ ಶಾಸನವಿದೆ. ಮರುದಿನ ಬೆಳಿಗ್ಗೆ 22 ಕಿ.ಮೀ. ದೂರದ ಪಟ್ಟದಕಲ್ಲಿಗೆ ಹೋಗಿ, ವಿರೂಪಾಕ್ಷ ದೇವಾಲಯದ ಸುತ್ತ ನಿಧಾನವಾಗಿ ಒಂದು ಗಂಟೆ ನಡೆಯಿರಿ. ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ನಂದಿ ಮಂಟಪ ಎಲ್ಲಿದೆ, ಶಿಖರ ಎಷ್ಟು ಹಂತ, ಹೊರಗೋಡೆಯಲ್ಲಿ ರಾವಣ ಕೈಲಾಸ ಎತ್ತುವ ಶಿಲ್ಪ ಯಾವ ಕಡೆಗಿದೆ ಎಂದು ಮಕ್ಕಳ ಕೈಲಿ ಒಂದು ಹಾಳೆಯಲ್ಲಿ ನಕ್ಷೆ ಬರೆಸಿ. ಎರಡು ದಿನ ಬಿಟ್ಟು ಎಲ್ಲೋರಾದ 16ನೇ ಗುಹೆಯ ಮುಂದೆ ಆ ಹಾಳೆ ಬಿಚ್ಚಿದರೆ, ಇಲ್ಲಿ ಕಲ್ಲು ಜೋಡಿಸಿ ಕಟ್ಟಿದ್ದನ್ನು ಅಲ್ಲಿ ಗುಡ್ಡ ಕಡಿದು ಮಾಡಿದ್ದಾರೆಂದು ಅವರೇ ಹೇಳುತ್ತಾರೆ.

ವಿಜಯಪುರಕ್ಕೆ ಹೋಗುವ ದಾರಿಯಲ್ಲಿ ಕೊಲ್ಹಾರದ ಉದ್ದ ಸೇತುವೆ, ಅಲ್ಲೇ ಗಡಿಗೆಯ ಗಟ್ಟಿ ಮೊಸರು. ಗೋಳಗುಮ್ಮಟಕ್ಕೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಶಾಲಾ ಮಕ್ಕಳ ಬಸ್ಸು ಬಂದ ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಾಟ ಬಿಟ್ಟು ಬೇರೇನೂ ಕೇಳುವುದಿಲ್ಲ.

ಆಮೇಲಿನ 410 ಕಿ.ಮೀ. ಈ ಪ್ರಯಾಣದ ದೊಡ್ಡ ಓಟಗಳಲ್ಲೊಂದು: ಸೊಲ್ಲಾಪುರ, ತುಳಜಾಪುರ, ಧಾರಾಶಿವ, ಬೀಡ್, ಸಂಭಾಜಿನಗರ. ರಸ್ತೆ ಚೆನ್ನಾಗಿದೆ. ಅಪಾಯವಿರುವುದು ಕಬ್ಬಿನ ಟ್ರ್ಯಾಕ್ಟರುಗಳಲ್ಲಿ. ನವೆಂಬರಿನಿಂದ ಮಾರ್ಚ್‌ವರೆಗೆ ಬಾಗಲಕೋಟೆಯಿಂದ ಬೀಡ್‌ವರೆಗೂ ಸಕ್ಕರೆ ಕಾರ್ಖಾನೆಗಳ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ಕೆಂಪು ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದೆ, ಬಲಗಡೆಯ ವೇಗದ ಸಾಲಿನಲ್ಲೇ ಹೋಗುತ್ತಿರುತ್ತವೆ. ಕತ್ತಲಲ್ಲಿ ಎದುರಿನ ಬೆಳಕು ಕಣ್ಣಿಗೆ ಹೊಡೆದಾಗ ಆ ಟ್ರೇಲರ್ ಕಾಣುವುದು ಹತ್ತು ಮಾರು ದೂರಕ್ಕೆ ಬಂದ ಮೇಲೆ. ಹಾಗಾಗಿ ಸೂರ್ಯ ಮುಳುಗಿದ ಮೇಲೆ ಗಾಡಿ ಓಡಿಸುವುದಿಲ್ಲ ಎಂಬುದನ್ನು ಇಡೀ ಪ್ರಯಾಣಕ್ಕೆ ನಿಯಮ ಮಾಡಿಕೊಳ್ಳಿ. ಮಧ್ಯಪ್ರದೇಶ, ರಾಜಸ್ಥಾನದಲ್ಲಿ ಕಬ್ಬಿನ ಬದಲು ನೀಲಗಾಯಿ ಮತ್ತು ಒಂಟೆ ಅಡ್ಡ ಬರುತ್ತವೆ.

ಎಲ್ಲೋರಾ ಮಂಗಳವಾರ ಮುಚ್ಚಿರುತ್ತದೆ, ಅಜಂತಾ ಸೋಮವಾರ. ಹೊರಡುವ ದಿನವನ್ನು ಇದಕ್ಕೆ ಹೊಂದಿಸಿಯೇ ಗೊತ್ತು ಮಾಡಿ. ಎಲ್ಲೋರಾದ 16ನೇ ಗುಹೆಯಾದ ಕೈಲಾಸ ದೇವಾಲಯ ರಾಷ್ಟ್ರಕೂಟರ ಮೊದಲನೇ ಕೃಷ್ಣನ ಕಾಲದ್ದು. ಕೆಳಗಿನಿಂದ ನೋಡಿ ಮುಗಿಸಬೇಡಿ. ಪಕ್ಕದ ಗುಡ್ಡದ ಕಾಲುದಾರಿ ಹತ್ತಿ ಮೇಲಿನಿಂದ ನೋಡಿ; ಶಿಖರದಿಂದ ಶುರುಮಾಡಿ ಬುಡದವರೆಗೆ ಕಡಿದಿದ್ದಾರೆಂಬುದು ಅಲ್ಲಿಂದಲೇ ಗೊತ್ತಾಗುವುದು. ಅಂಚಿಗೆ ಎಲ್ಲ ಕಡೆ ಬೇಲಿ ಇಲ್ಲ, ಮಕ್ಕಳ ಕೈ ಬಿಡಬೇಡಿ. 15ನೇ ಗುಹೆಯಲ್ಲಿ ರಾಷ್ಟ್ರಕೂಟ ದೊರೆ ದಂತಿದುರ್ಗನ ಶಾಸನವಿದೆ. ತೋರಿಸಿ ಎಂದು ಗೈಡಿಗೆ ಕೇಳಿ, ಕೇಳದಿದ್ದರೆ ತೋರಿಸುವವರು ಕಡಿಮೆ.

ಗೈಡ್ ಯಾರು, ಹೇಗೆ

ಇಡೀ ಪ್ರವಾಸಕ್ಕೆ ಒಬ್ಬನೇ ಗೈಡನ್ನು ಹಿಡಿಯುವುದಕ್ಕಿಂತ ಊರೂರಿಗೆ ಅರ್ಧ ದಿನದ ಗೈಡ್ ಮೇಲು. ಮಧ್ಯಪ್ರದೇಶದ ಮಾಂಡುವಿನವನಿಗೆ ಬೂಂದಿ ಗೊತ್ತಿರುವುದಿಲ್ಲ. ಎಲ್ಲೋರಾ, ಮಾಂಡು, ಬೂಂದಿ, ಜೈಸಲ್ಮೇರ್ ಈ ನಾಲ್ಕು ಕಡೆ ದುಡ್ಡು ಕೊಟ್ಟು ಕರೆದೊಯ್ಯುವುದು ಖಂಡಿತ ಸಾರ್ಥಕ. ಸರ್ಕಾರಿ ಪರವಾನಗಿಯ ಗುರುತಿನ ಚೀಟಿ ಕುತ್ತಿಗೆಯಲ್ಲಿರಬೇಕು, ಚಿತ್ರ ಮುಖಕ್ಕೆ ಹೊಂದಬೇಕು. ಎಷ್ಟು ಗಂಟೆ, ಯಾವ ಯಾವ ಜಾಗ, ಎಷ್ಟು ಜನ, ಒಟ್ಟು ಎಷ್ಟು ಹಣ, ಈ ನಾಲ್ಕನ್ನು ಒಳಗೆ ಕಾಲಿಡುವ ಮೊದಲೇ ಮಾತಾಡಿ. ‘ಅಂಗಡಿಗೆ ಬರುವುದಿಲ್ಲ’ ಎನ್ನುವುದನ್ನೂ ಆಗಲೇ ಹೇಳಿ. ಕಮಿಷನ್ ಸಿಗುವ ಅಂಗಡಿಯಲ್ಲಿ ಒಂದು ಗಂಟೆ ಕೂತರೆ ಕೋಟೆಯ ಒಂದು ಗಂಟೆ ಹೋಯಿತೆಂದೇ ಲೆಕ್ಕ. ಸೊಲ್ಲಾಪುರದವರೆಗೆ ಕನ್ನಡ ನಡೆಯುತ್ತದೆ, ಆಮೇಲೆ ಹಿಂದಿ ಬಲ್ಲ ಒಬ್ಬರಾದರೂ ಪ್ರತಿ ಕಾರಿನಲ್ಲಿರಲಿ.

ಎರಡು ಮೂರು ಕಾರಿನಲ್ಲಿ ಹೋಗುವವರು ದಾರಿ ಬಲ್ಲವರನ್ನು ಮುಂದಿನ ಗಾಡಿಯಲ್ಲಿ, ಪಂಕ್ಚರು ಹಾಕಲು ಬರುವವರನ್ನು ಕೊನೆಯ ಗಾಡಿಯಲ್ಲಿ ಕೂರಿಸಿ. ಮುಂದಿನ ಕಾರಿನ ಬಾಲ ಹಿಡಿದು ಓಡಬೇಕಿಲ್ಲ. ಹಾಗೆ ಓಡುವಾಗಲೇ ಓವರ್‌ಟೇಕಿನಲ್ಲಿ ತಪ್ಪಾಗುವುದು. ಪ್ರತಿ ತಿರುವಿನಲ್ಲಿ, ಹಿಂದಿನ ಗಾಡಿ ಕಾಣುವವರೆಗೆ ಮುಂದಿನದು ನಿಲ್ಲಲಿ. ಅಷ್ಟೇ ಸಾಕು.

ಮೂರು ಘಟ್ಟ, ಒಂದು ನದಿ

ಎಲ್ಲೋರಾ ದಾಟಿದರೆ ‘ಕನ್ನಡ’ ಎಂಬ ಊರೇ ಸಿಗುತ್ತದೆ. ತಾಲ್ಲೂಕು ಕೇಂದ್ರ, ಬೋರ್ಡಿನಲ್ಲಿ ದೇವನಾಗರಿಯಲ್ಲಿ ಹಾಗೆಯೇ ಬರೆದಿರುತ್ತದೆ. ಅದಾದ ಮೇಲೆ ಔಟ್ರಮ್ ಘಾಟಿ ಇಳಿದು ಚಾಳೀಸಗಾಂವ್, ಧುಳೆ. ಘಾಟಿಯಲ್ಲಿ ಒಂದು ಲಾರಿ ಕೆಟ್ಟರೆ ಗಂಟೆಗಟ್ಟಲೆ ಜಾಮ್. ಕನ್ನಡ ಊರಿನ ಪೆಟ್ರೋಲ್ ಪಂಪಿನಲ್ಲಿ ವಿಚಾರಿಸಿ, ಮುಚ್ಚಿದ್ದರೆ ನಾಂದಗಾಂವ್–ಮಾಲೇಗಾಂವ್ ಸುತ್ತಿ ಧುಳೆ ಸೇರಿ. ಶಿರಪುರ ದಾಟಿದ ಮೇಲೆ ಸಾತ್ಪುಡಾದ ಬಿಜಾಸನ್ ಘಾಟಿ, ಅಲ್ಲಿಂದ ಮಧ್ಯಪ್ರದೇಶ. ಖಲಘಾಟಿನಲ್ಲಿ ನರ್ಮದೆ. ಸೇತುವೆಯ ಮೇಲೆ ನಿಲ್ಲಿಸಬೇಡಿ, ದಾಟಿ ಪಕ್ಕದ ರಸ್ತೆಯಲ್ಲಿ ನೀರಿಗೆ ಇಳಿಯಬಹುದು.

ಮೂರನೆಯದು ವಿಂಧ್ಯದ ಗುಜರಿ–ಮಾನಪುರ ನಡುವಿನ ಏರು. ಹೋಗುವಾಗ ನಾವು ಹತ್ತುತ್ತೇವೆ, ಎದುರಿಗೆ ಇಳಿಯುವ ಭಾರದ ಲಾರಿಗಳ ಬ್ರೇಕು ತಪ್ಪುವುದಕ್ಕೆ ಹೆಸರಾದ ಜಾಗ. ಬೂಂದಿಯಿಂದ ಇದೇ ದಾರಿಯಲ್ಲಿ ಮರಳುವವರು ಇಳಿಯಬೇಕು. ಹತ್ತುವಾಗ ಯಾವ ಗೇರು ಬೇಕಾಯಿತೋ ಇಳಿಯುವಾಗಲೂ ಅದೇ ಗೇರು. ನ್ಯೂಟ್ರಲ್ ಮಾಡಿ ಇಂಧನ ಉಳಿಸುವ ಆಸೆ ಬೇಡ. ಬ್ರೇಕನ್ನು ಒತ್ತಿಹಿಡಿದೇ ಇರದೆ, ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಬಿಟ್ಟುಬಿಡಿ. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಗೇರಿನಲ್ಲೇ ಬಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಕಾಯಿರಿ. ಬಿಸಿ ಡಿಸ್ಕಿಗೆ ನೀರು ಸುರಿದರೆ ಅದು ಸೊಟ್ಟಗಾಗುತ್ತದೆ, ಆಮೇಲೆ ಪ್ರತಿ ಬ್ರೇಕಿಗೂ ಸ್ಟೇರಿಂಗ್ ನಡುಗುತ್ತದೆ.

ಧಾಮನೋದದಿಂದ 13 ಕಿ.ಮೀ. ಒಳಗೆ ಮಹೇಶ್ವರ, ಅಹಿಲ್ಯಾಬಾಯಿ ಹೋಳ್ಕರರ ರಾಜಧಾನಿ. ಆ ರಾತ್ರಿ ಅಲ್ಲಿ ಉಳಿದು ಬೆಳಿಗ್ಗೆ ಘಾಟಿನಲ್ಲಿ ಕೂತು, ಕೈಮಗ್ಗದ ಸೀರೆ ನೋಡಿ, ಮಾಂಡುವಿಗೆ ಹತ್ತಿ. ಮಾಂಡುವಿನ ಬಾವೊಬಾಬ್ ಮರಗಳ ಬುಡ ನಮ್ಮ ಕಾಡಿನ ಯಾವ ಮರದಂತೆಯೂ ಇಲ್ಲ. ಸಂಜೆ ರೂಪಮತಿ ಮಂಟಪಕ್ಕೆ ಹೋದರೆ, ಆಕಾಶ ತಿಳಿಯಾಗಿದ್ದ ದಿನ, ನೀವು ದಾಟಿ ಬಂದ ನರ್ಮದೆ ಬಯಲಿನಾಚೆ ಬೆಳ್ಳಿ ಗೆರೆಯಂತೆ ಕಾಣುತ್ತದೆ.

ಇಂದೋರಿನಿಂದ ಹೆದ್ದಾರಿ 52 ದೇವಾಸ್, ಬ್ಯಾವರಾ ಸುತ್ತಿ ಹೋಗುತ್ತದೆ. ಈ ಒಂದು ತುಂಡಿನಲ್ಲಿ ಅದನ್ನು ಬಿಟ್ಟು ಉಜ್ಜಯಿನಿ, ಆಗರ್ ಮೇಲೆ ಝಾಲಾವಾಡಕ್ಕೆ ಹೋಗುವುದು ಹತ್ತಿರ. ಝಾಲಾವಾಡದ ಗಾಗರೋನ್ ಕೋಟೆಯನ್ನು ಮೂರು ಕಡೆ ಆಹು ಮತ್ತು ಕಾಳಿಸಿಂಧ್ ನದಿಗಳು ಸುತ್ತುವರಿದಿವೆ. 2013ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಅಲ್ಲಿಂದ ಕೋಟಾಕ್ಕೆ ಹೋಗುವಾಗ ಮುಕುಂದರಾ ಬೆಟ್ಟದ ದರಾ ಕಣಿವೆ ಇಕ್ಕಟ್ಟು, ಬೆಳಿಗ್ಗೆ ಬೇಗ ದಾಟಿಬಿಡಿ.

ಬೂಂದಿಗೆ ಎರಡು ರಾತ್ರಿ ಕೊಡಿ. ಈ ದಾರಿಯ ಅತ್ಯಂತ ಚೆಂದದ ಊರು ಇದೇ ಎನ್ನುವುದರಲ್ಲಿ ಅನುಮಾನವಿಲ್ಲ. ಚಿತ್ರಶಾಲೆಯ ನೀಲಿ–ಹಸಿರು ಭಿತ್ತಿಚಿತ್ರ, 1699ರ ರಾಣೀಜಿ ಕೀ ಬಾವಡಿ ಎಂಬ ಮೆಟ್ಟಿಲುಬಾವಿ, ಮೇಲೆ ತಾರಾಗಢ ಕೋಟೆ. ತಾರಾಗಢಕ್ಕೆ ಹತ್ತುವವರು ಕೈಲೊಂದು ಕೋಲು ಹಿಡಿದಿರಿ, ಮಂಗಗಳು ಚೀಲ ಕಸಿಯುತ್ತವೆ. ಜೈಪುರ ಎಲ್ಲರಿಗೂ ಗೊತ್ತಿರುವ ಊರು. ಒಂದೇ ದಿನವಿದ್ದರೆ ಆಮೇರ್ ಕೋಟೆ ಮತ್ತು ಜಂತರ್ ಮಂತರ್ ಸಾಕು. ಜಂತರ್ ಮಂತರಿನ 27 ಮೀಟರ್ ಎತ್ತರದ ನೆರಳು ಗಡಿಯಾರ ಸಮ್ರಾಟ್ ಯಂತ್ರದ ನೆರಳು ಸರಿಯುವುದನ್ನು ನಿಂತ ಹಾಗೆಯೇ ಕಣ್ಣಲ್ಲಿ ನೋಡಬಹುದು.

ಮರಳಿನಲ್ಲಿ

ಫತೇಪುರದಲ್ಲಿ ಶೇಖಾವಟಿ ಸೀಮೆಯ ಹವೇಲಿಗಳನ್ನು (ಹಳೆಯ ದೊಡ್ಡ ಮನೆಗಳನ್ನು) ನೋಡಿ, 52ನ್ನು ಬಿಟ್ಟು ಹೆದ್ದಾರಿ 11 ಹಿಡಿಯಿರಿ. ಬಿಕಾನೇರ್ 170 ಕಿ.ಮೀ., ಅಲ್ಲಿಂದ ಫಲೋದಿ, ಪೋಕರಣ್ ಮೇಲೆ ಜೈಸಲ್ಮೇರ್ 330. ಬಿಕಾನೇರ್ ದಾಟಿದ ಮೇಲೆ ಟ್ಯಾಂಕು ಅರ್ಧಕ್ಕಿಂತ ಕೆಳಗೆ ಬಾರದಂತೆ ನೋಡಿಕೊಳ್ಳಿ, ತಲೆಗೆ ಮೂರು ಲೀಟರಿನಂತೆ ಕುಡಿಯುವ ನೀರಿರಲಿ. ಬೆವರು ಕಾಣುವುದೇ ಇಲ್ಲ, ಒಣಗಾಳಿ ಅದನ್ನು ಆಗಲೇ ಕುಡಿದಿರುತ್ತದೆ. ಕರಾವಳಿಯವರಿಗೆ ಇದು ಹೊಸದು, ಬಾಯಾರಿಕೆ ಆಗುವವರೆಗೆ ಕಾಯಬೇಡಿ. ತುಟಿ, ಹಿಮ್ಮಡಿ ಒಡೆಯುತ್ತದೆ. ಮನೆಯಿಂದ ಒಯ್ದ ತೆಂಗಿನೆಣ್ಣೆ ಬಾಟಲಿಯಲ್ಲಿ ಕಲ್ಲಾಗಿ ಹೊರಗೇ ಬಾರದು, ಅದನ್ನು ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ.

1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಜೈಸಲ್ಮೇರಿನ ಕೋಟೆಯೊಳಗೆ ಈಗಲೂ ಜನ ವಾಸವಿದ್ದಾರೆ. ನೀರಿನ ಇಂಗುವಿಕೆಯಿಂದ ಅಡಿಪಾಯ ಸಡಿಲವಾಗುತ್ತಿರುವ ಕೋಟೆ ಅದು. ಅದಕ್ಕಾಗಿ ಉಳಿಯುವ ಕೋಣೆಯನ್ನು ಕೋಟೆಯ ಹೊರಗೆ ಮಾಡಿ. ಸಮ್ ದಿಣ್ಣೆಗಳು 40 ಕಿ.ಮೀ. ಪಶ್ಚಿಮಕ್ಕೆ, ಜನಜಂಗುಳಿ ಬೇಡವೆನ್ನುವವರಿಗೆ ಖೂರಿ ಒಳ್ಳೆಯದು.

ನಿಮ್ಮ ಕಾರನ್ನು ದಿಣ್ಣೆಗೆ ಹತ್ತಿಸಬೇಡಿ. ಮಾಜಾಳಿ, ಗೋಕರ್ಣದ ದಂಡೆಯಲ್ಲಿ ಓಡಿಸಿದ ಅನುಭವ ಇಲ್ಲಿ ದಾರಿ ತಪ್ಪಿಸುತ್ತದೆ. ಅಲ್ಲಿ ಅಲೆ ಬಡಿದು ಒದ್ದೆಯಾದ ಮರಳು ಗಟ್ಟಿ, ಇಲ್ಲಿಯದು ಆಳದವರೆಗೆ ಒಣ ಮರಳು. ರಸ್ತೆಯಂಚಿನಲ್ಲಿ ಗಾಳಿ ತಂದು ಹಾಕಿದ ಮರಳಿನಲ್ಲೂ ಚಕ್ರ ಹೂತುಕೊಳ್ಳಬಹುದು. ಆಗ ಆಕ್ಸಿಲರೇಟರ್ ಒತ್ತಬೇಡಿ. ಪ್ರತಿ ಸುತ್ತಿಗೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡುತ್ತದೆ, ಆಕ್ಸಲ್ ಮರಳಿಗೆ ಕೂತರೆ ಟ್ರ್ಯಾಕ್ಟರೇ ಬೇಕು. ಎಲ್ಲರೂ ಇಳಿಯಿರಿ. ಟೈರಿನ ಗಾಳಿಯನ್ನು ಮೀಟರಿನಲ್ಲಿ 15ರಿಂದ 18 ಪಿಎಸ್‌ಐಗೆ (ಗಾಳಿಯ ಒತ್ತಡದ ಅಳತೆ) ಇಳಿಸಿ, ಟೈರು ಚಪ್ಪಟೆಯಾಗಿ ಮರಳಿನ ಮೇಲೆ ಉದ್ದಕ್ಕೆ ಹರಡಿಕೊಳ್ಳುತ್ತದೆ. ಚಕ್ರದ ಹಿಂದಿನ ಮರಳನ್ನು ಸಲಿಕೆಯಿಂದ ಇಳಿಜಾರಾಗಿ ತೆಗೆದು, ರಬ್ಬರ್ ಕಾಲುಹಾಸನ್ನು ತಲೆಕೆಳಗಾಗಿ ತೂರಿಸಿ, ಬಂದ ಜಾಡಿನಲ್ಲೇ ರಿವರ್ಸಿನಲ್ಲಿ ಮೆಲ್ಲಗೆ ತೆಗೆಯಿರಿ. ಚಕ್ರದ ಹಿಂದಾಗಲಿ ಮುಂದಾಗಲಿ ಯಾರೂ ನಿಲ್ಲಬಾರದು, ಹಾಸು ಬಾಣದಂತೆ ಹಾರುತ್ತದೆ. ಡಾಂಬರಿಗೆ ಬಂದ ಕೂಡಲೇ ಪಂಪಿನಿಂದ ಮೊದಲಿನಷ್ಟು ಗಾಳಿ ತುಂಬಿ. ಮೆತ್ತನೆಯ ಟೈರಿನಲ್ಲಿ ವೇಗವಾಗಿ ಓಡಿಸಿದರೆ ಅದು ರಿಮ್ಮಿನಿಂದ ಕಳಚುತ್ತದೆ.

ಮರಳುವಾಗ

ಜೋಧಪುರ, ಉದಯಪುರಕ್ಕೆ ಒಂದೊಂದು ರಾತ್ರಿ. ಜೋಧಪುರದ ಮೇಹರಾನಗಢ ಕೋಟೆಯಲ್ಲಿ ಲಿಫ್ಟ್ ಇದೆ, ಮಂಡಿನೋವಿನವರು ಹಿಂಜರಿಯಬೇಕಿಲ್ಲ. ಉದಯಪುರದಿಂದ ಹೆದ್ದಾರಿ 48 ಹಿಡಿದರೆ ಅಹಮದಾಬಾದ್, ವಡೋದರಾ, ಸೂರತ್, ಪುಣೆ, ಕೊಲ್ಲಾಪುರ, ಬೆಳಗಾವಿ ದಾಟಿ ಹುಬ್ಬಳ್ಳಿ, ಸುಮಾರು 1,370 ಕಿ.ಮೀ., ಮೂರು ದಿನ. ಗುಜರಾತಿನಲ್ಲಿ ಪೆಟ್ರೋಲ್ ಅಗ್ಗ, ಅಲ್ಲಿ ಟ್ಯಾಂಕು ತುಂಬಿಸಿ. ಮುಂಬೈ ಸುತ್ತಿನ ಘೋಡಬಂದರ್ ರಸ್ತೆಯನ್ನು ಬೆಳಿಗ್ಗೆ ಎಂಟರಿಂದ ಹನ್ನೊಂದರ ನಡುವೆ ಮುಟ್ಟದಂತೆ ಲೆಕ್ಕ ಹಾಕಿ.

ಹುಬ್ಬಳ್ಳಿ ಮುಟ್ಟಿದ ಮೇಲೆ ಮನೆ ಬಂತೆಂದು ಎಲ್ಲರ ಕಾಲೂ ಆಕ್ಸಿಲರೇಟರ್ ಮೇಲೆ ಭಾರವಾಗುತ್ತದೆ. ಯಲ್ಲಾಪುರದಲ್ಲಿ ನಿಲ್ಲಿಸಿ. ಚಹಾ ಕುಡಿಯಿರಿ, ನಾಲ್ಕೂ ಚಕ್ರ ನೋಡಿ, ಬ್ರೇಕ್ ಪೆಡಲ್ ಒತ್ತಿ ಅದು ಹೊರಟ ದಿನದಷ್ಟೇ ಗಟ್ಟಿ ಇದೆಯೇ ಎಂದು ನೋಡಿ. 5,000 ಕಿ.ಮೀ. ತಿರುಗಿದ ಗಾಡಿಯಲ್ಲಿ ಅರಬೈಲ್ ಇಳಿಯುವುದು ಇನ್ನೂ ಬಾಕಿ ಇದೆ, ಮೂರನೇ ಗೇರಿನಲ್ಲಿ ಇಳಿಯಿರಿ.